ಟಾವೆಲ್ ವಹಿಯ ಹಿಂದಿನ ಹಾಳಿಗಳು

ನಿದ್ದಿ ಕಣ್ಣಿಂದ ಬರೂದಿಲ್ಲ ನನಗ,
ಅಂಗೈಯಿಂದ ಬರ್ತದ.
ಮೊದಲ ಬೆರಳ ತುದಿ ಬೆಚ್ಚಗ,
ಆಮ್ಯಾಲ ಮುಂಗೈ,
ಅಷ್ಟರಾಗ ಅಕ್ಕಲಕೋಟ ರೋಡಿನ ಕಾರಖಾನ್ಯಾಗ
ಮೂವತ್ತೇಳನೇ ಟಾವೆಲ್ ಮಡಚಿದ ಕೈ
ಮೂವತ್ತೆಂಟನೇದು ಎಲ್ಲಿಂದ ತಗೋಬೇಕು ಅನ್ನೂದ ಮರೀತದ.
ಎದ್ದಾಗ ಕೆನ್ನಿ ಮ್ಯಾಲ ಟಾವೆಲಿನ ಚೌಕಡಿ ಗುರ್ತು,
ಸುತ್ತ ನಗು.
ಮುಕಾದಮ ಸಾಳುಂಕೆ ಅಂದ, "ಝೋಪಾಳೂ!"
ನಾನೂ ನಕ್ಕೆ. ನಕ್ಕದ್ದಕ್ಕ ಮೊಣಕಾಲ ಕರಗಿ
ಬಿದ್ದೆ, ನೂಲಿನ ಗಂಟಿನ ಮ್ಯಾಲ.
ಎಚ್ಚರ ಇತ್ತು. ಎಲ್ಲಾ ಕೇಳಸ್ತಿತ್ತು.
ರೆಪ್ಪಿ ಎತ್ತಲಿಕ್ಕ ಮಾತ್ರ ಒಳಗ ಯಾರೂ ಸಿಗಲಿಲ್ಲ.

ಹನ್ನೊಂದು ವರ್ಷ ಇದನ್ನ ಮೈಗಳ್ಳತನ ಅಂದ್ರು.
ಸಿವಿಲ್ ದವಾಖಾನಿಯ ಡಾಕ್ಟರ್ ಬಾಯಿ ಮಾತ್ರ
ಕೈ ಹಿಡದು ಕೇಳಿದ್ರು, "ಇದು ಯಾವಾಗಲೂ ಇಷ್ಟ ಬಿಸಿಯೇನು?"
ಹದಿನಾರು ವರ್ಷ ಮಗ್ಗಲ ಮಲಗಿದ
ರೇವಣಸಿದ್ಧ ಕೇಳದ ಪ್ರಶ್ನಿ.

ಎಲ್ಲರ ಮೈಯೂ, ಅಂದ್ರು, ಮಲಗೂ ಮೊದಲ
ಒಳಗಿನ ಕಾವು ಕೈಕಾಲಿಗೆ ತಳ್ಳತದ,
ಒಲಿ ಆರಿಸೂ ಮೊದಲ ಕೆಂಡ ಹೊರಗ ಎಳದಂಗ.
ನಿಮ್ಮ ಒಲಿ ಹಗಲೆಲ್ಲಾ ಕೆಂಡ ಎಳೀತಾನ ಇರ್ತದ.

ಮುಂಜಾನಿಗೊಂದು ಬಿಳಿ ಗುಳಿಗಿ, ಎಚ್ಚರಕ್ಕ.
ಉಂಡ ಮ್ಯಾಲ ಇನ್ನೊಂದು, ನಕ್ಕರ ಬೀಳದಂಗ.
ಥರ್ಮಾಮೀಟರ್ ಮುಷ್ಟಿಯಾಗ ಹಿಡದು ಬರೀರಿ ಅಂದ್ರು.
ಬರದೆ, ಡಜನ್ ಲೆಕ್ಕದ ವಹಿ ತಿರುವಿ
ಹಿಂದಿನ ಹಾಳಿಯಿಂದ.
ಮೂವತ್ತೈದು ಇದ್ದದ್ದು ಮೂವತ್ನಾಕು, ಮೂವತ್ಮೂರು.
ಒಂದಿನ ಅಂಕಿನೇ ತೋರಸಲಿಲ್ಲ,
ಎರಡು ಇಂಗ್ಲಿಷ್ ಅಕ್ಷರ ತೋರಿಸಿ ಪೀಂ ಅಂತು.
ಆ ತಣ್ಣನ ಕೈಲೆ ಅವತ್ತು
ಐವತ್ತೊಂದು ಡಜನ್ ಮಡಚಿದೆ.
ಸಾಳುಂಕೆ ನೋಡಿದ. ಏನೂ ಅನ್ನಲಿಲ್ಲ.

ರಾತ್ರಿದು ಬ್ಯಾರೇನ ಕತಿ.
ನಗು ಉಳಿಸಿದ ಗುಳಿಗಿ ಬೆವರು ತಂತು.
ಮೂರರ ಹೊತ್ತಿಗೆ ಕುಬಸ ಹಿಂಡೂವಷ್ಟು ತೊಯ್ದು
ಚಾದರ ಒದೀತೀನಿ,
ನಾಕಕ್ಕ ನಡುಗಿ ಅವನದೂ ಎಳಕೋತೀನಿ.
ಊರೂರಿಗೆ ಚಾದರ ಹೊಚ್ಚಿದ ಸೊಲ್ಲಾಪುರದಾಗ
ನನ್ನ ಒಂದು ರಾತ್ರಿಗೆ ಅಳತಿ ಚಾದರ ಇಲ್ಲ.
"ಒಂದ ಮೈಯಾಗ ಎರಡು ಹಂಗಾಮು," ಅಂತಾನ ರೇವಣಸಿದ್ಧ.
ನಗ್ತೀನಿ. ಬೀಳೂದಿಲ್ಲ.

ಮೇ ತಿಂಗಳ ಹಾಳಿ ಖಾಲಿ ಬಿಟ್ಟೆ.
ನಲವತ್ಮೂರು ಡಿಗ್ರಿ ಊರಾಗ
ಯಾವ ಕಾವು ನಂದು, ಯಾವುದು ಪತ್ರಾಸಿನದು,
ಯಾರು ಹೇಳಬೇಕು?

ಪ್ರಾಜಕ್ತಾಗ ಈಗ ಹದಿನಾಕು.
ತಿಂಗಳ ಆ ಮೊದಲ ದಿನ ಅಕಿ
ನನ್ನ ಅಂಗೈ ತಗೊಂಡು ಹೊಕ್ಕಳ ಕೆಳಗ ಇಟ್ಕೋತಿದ್ಲು,
ಬಿಸಿನೀರ ಚೀಲಕ್ಕ ರೊಕ್ಕ ಯಾಕ, ಅಂತ.
ಗುಳಿಗಿ ಶುರು ಆದಮ್ಯಾಲ ಒಮ್ಮಿ ಇಟ್ಟು,
ಮೈ ಜುಂ ಅಂದು, ತಗದ್ಲು.
"ಅವ್ವಾ, ನಿನ್ನ ಕೈ ಯಾರದೋ ಆಗ್ಯದ."
ಬೈದಿದ್ರ ತಡಕೋಬಹುದಿತ್ತು.

ಡಾಕ್ಟರ್ ಬಾಯಿಗೆ ಹೇಳಿಲ್ಲ ಇದನ್ನ.
ಕಾರಖಾನಿ ಸೂಟಿ ಇದ್ದ ಒಂದಿನ
ಬಿಳಿ ಗುಳಿಗಿ ನುಂಗಲಿಲ್ಲ.
ಮಧ್ಯಾಹ್ನ ಬೆರಳ ತುದಿಯಿಂದ ಬಂತದು,
ಹಳೇ ಗೆಳತಿ ಚಪ್ಪಲಿ ಕೈಯಾಗ ಹಿಡದು
ಹಿಂಬಾಗಿಲಿಂದ ಬಂದಂಗ.
ಪ್ರಾಜಕ್ತಾ ಮೊಣಕಾಲ ಎದಿಗೆ ಹಚ್ಚಿ ಮಲಗಿದ್ಲು.
ಕೈ ಇಟ್ಟೆ. ಅಕಿ ಕಾಲು ಸಡಲಾದ್ವು.
ಅಷ್ಟೇ ನೆನಪದ.

ಎದ್ದಾಗ ಸಂಜಿ. ಮುಷ್ಟಿಯಾಗ ಥರ್ಮಾಮೀಟರ್,
ಅಕೀನ ಸಿಗಸಿದ್ದು.
ವಹಿಯಾಗ ಮರಾಠಿ ಸಾಲಿಯ ಅಕ್ಷರ:
ಹೊತ್ತು, ಅಂಕಿ, ಆಮ್ಯಾಲ "ಆಯಿ ಝೋಪಲಿ".
ಅವರ ಐದು ನನ್ನ ಐದಿನಂಗ ಇಲ್ಲ;
ಮೂರು ಮಾತ್ರ
ಎರಡೂ ಕಡಿ ನೆಂಟಸ್ತನ ಉಳಿಸಿಕೊಂಡದ.
ಬೆರಳಿಟ್ಟು ಓದಿದೆ, ಮೂವತ್ತೈದು.
ಪಕ್ಕಕ್ಕ ಮತ್ತೇನೋ ಬರದು ಗೀಚಿ ಹಾಕಿದ್ಲು.
ಬೆಳಕಿಗೆ ಹಿಡದು ನೋಡಿದೆ,
ತಿಳೀಲಿಲ್ಲ.
ಕೈ ಇನ್ನೂ ಬೆಚ್ಚಗ ಇತ್ತು.