ಬಟ್ಟಲು ಅಲುಗಿಸೂದು

ಹೈಮಾ ದಾಟಿ ಎರಡು ತಾಸಿಗೆ ಡಾಂಬರು ಮುಗೀತೈತಿ.
ಆಮ್ಯಾಲ ಕರೆಂಟು ಕಂಬದ ಸಾಲಽ ದಾರಿ.
ಮ್ಯಾಲ ತಂತಿಯೊಳಗ ಗುಂಯ್ ಅಂತ ಎಲ್ಲಿಗೋ ಹೊಂಟಿರ್ತೈತಿ,
ಕೆಳಗ ಸಲೂಮಾ ಮುದುಕಿಯ ಡೇರೆ, ಒಂದು ಚಿಮಣಿ,
ಹನ್ನೊಂದು ಆಡು.

ನಾನು ನೀರಿನ ಟ್ಯಾಂಕರಿನವ, ಗುರುವಾರಕ್ಕೊಮ್ಮಿ ಬರಾಂವ.
ನೀರು ಇಳಿಯೂತನಕ ಆಕಿ ಕಾಫಿ ಬಗ್ಗಿಸ್ತಾಳ
ಹಿಡಿಕಿ ಇಲ್ಲದ ಪುಟ್ಟ ಬಟ್ಟಲಾಗ. ಸಾಕಂದ್ರ
ಬಟ್ಟಲು ಅಲುಗಿಸಬೇಕು, ಬಾಯಿಲೆ ಹೇಳಬಾರದು.
ಮೊದಲನೇ ಸಲ ಗೊತ್ತಿಲ್ಲದಽ ಒಂಬತ್ತು ಕುಡದಿದ್ದೆ.
ರಾತ್ರಿ ನಿದ್ದಿ ಇಲ್ಲ.

ಆಕಿಗೂ ಇಲ್ಲ. ಪಡುವಲಕ್ಕ ಗ್ಯಾಸಿನ ಉರಿ,
ಇಪ್ಪತ್ತು ವರ್ಷ ಆತು, ಆರಿಲ್ಲ.
‘ಅಷ್ಟು ದೊಡ್ಡ ಒಲಿ,’ ಅಂತಾಳ, ‘ಮ್ಯಾಲ ಏನೂ ಇಟ್ಟಿಲ್ಲ.
ಯಾರಿಗೆ ಅಡಗಿ?’
ನನ್ನ ಅರಬ್ಬಿ ಅರ್ಧಮರ್ಧ.
ಪೂರ್ತಿ ಬಂದಿದ್ರೂ ಸಾಲತಿದ್ದಿಲ್ಲ.

ಮೊದಲ ಕಡಲಿಂದ ಮಂಜು ಬರತಿತ್ತಂತ.
ಸಂಜಿಗೆ ಜಾಲಿಗಿಡದ ಮ್ಯಾಲ ಕಂಬಳಿ ಹರವಿ
ನಸುಕಿನ್ಯಾಗ ಹಿಂಡಿದ್ರ ಒಂದು ಕೊಡ.
ಈಗಲೂ ಹಿಂಡತಾಳ. ಮೂಸು ಅಂತ ಅಂಗೈ ಚಾಚಿದ್ಲು:
ಸೀಮೆಎಣ್ಣಿ.
ಕಂಪನಿಯವರು ಒಂದು ಕೊಡ ಎಣ್ಣಿಗೆ ಏಸೋ ಕೊಡ ನೀರು ತಗೀತಾರ,
ಉಪ್ಪು, ಜಿಡ್ಡು. ಆ ಹೊಂಡಕ್ಕ ಬಾಯಿ ಹಚ್ಚಿದ ಒಂಟೆ
ಗಬ್ಬ ಇತ್ತು. ಅದರ ಹೆಸರು ಹೇಳಿ ಸುಮ್ಮನಾದ್ಲು.
ಬರಕೊಳ್ಳಾಕ ಹೋದ್ರ, ಆಕಿ ಮಾತಿಗೆ ಲಿಪಿ ಇಲ್ಲ.

ನಮ್ಮವ್ವ ರೊಟ್ಟಿ ಬಡಿಯೂ ಮುಂದ
ಹಿಟ್ಟಿನ ಮ್ಯಾಲಿನ ಬೂದಿ ಊದತಿದ್ಲು,
ಸ್ಥಾವರದ ಕೊಳವಿ ಗಾಳಿ ನಮ್ಮ ಓಣಿಗೆ ತಿರುಗಿದ ದಿನ.
ಬೂದಿ ನಮಗ, ಬೆಳಕು ಯಾವ ಊರಿಗೋ.
ಇದನ್ನ ಆಕಿಗೆ ಹೇಳಬೇಕಂದೆ. ಬೂದಿಗೆ ಅರಬ್ಬಿಯೊಳಗ
ಏನಂತಾರ? ಒಲಿ ತೋರಿಸಿದೆ.
ಕಡ್ಡಿಲೆ ಕೆದರಿ, ಇನ್ನೂ ಕೆಂಡ ಐತಿ ಅಂದ್ಲು.

ಈ ವಾರ ಸಾಹೇಬ ಹೇಳ್ಯಾನ: ಕ್ಯಾಂಪಿನ ಹುಲ್ಲಿಗೆ ಮೊದಲು.
ಅರ್ಧ ಟ್ಯಾಂಕು ಅಲ್ಲೇ ಇಳಿಸಿ ಬಂದೀನಿ.
ಚೀಟಿಯೊಳಗ ಬರದದ್ದು ಪೂರ್ತಿ.
ಆಕಿ ಟ್ಯಾಂಕಿನ ಹೊಟ್ಟಿ ಬಡದು ನೋಡಿದ್ಲು.
ಡೊಣ್ ಅಂತು.
ಏನೂ ಅನ್ನಲಿಲ್ಲ. ಹಂಚಿನ ಮಸಿಗೆ ಹೆಬ್ಬೆಟ್ಟು ಒತ್ತಿ
ಚೀಟಿಗೆ ಹಚ್ಚಿದ್ಲು,
ಕಾಫಿ ತಂದ್ಲು.

ಮೊದಲನೇ ಗುಟುಕಿಗೇ ನಾನು ಬಟ್ಟಲು ಅಲುಗಿಸಿದೆ.
ಮತ್ತ ಅಲುಗಿಸಿದೆ.
ಆಕಿ ಅದನ್ನ ನೋಡಲಿಲ್ಲ, ನನ್ನ ಮುಖಾ ನೋಡಕೋತ
ಬಗ್ಗಿಸಕೋತನಽ ಇದ್ಲು.