ಒಂದು ಎತ್ವ

ವಕೀಲಸಾಬ್ರು ಹೋಗಿ ಇವತ್ತಿಗೆ ಹದಿಮೂರು ದಿನ.
ಆಫೀಸಿನ ಕೀಲಿಕೈ ನನ್ನ ಹತ್ರಾನ ಐತಿ.
ತೀನ್ ಕಂದೀಲಿನ ಸಂದಿಯೊಳಗ ಮಾಳಿಗಿ ಮ್ಯಾಲಿನ ಖೋಲಿ,
ಮೆಟ್ಲ ಏರಿದ್ರ ಮೊದ್ಲು ಹಳೇ ಮಿಸಲಿನ ವಾಸನಿ,
ಆಮ್ಯಾಲ ಮಂಡಾಳ ಒಗ್ಗರಣಿದು.
ಕೆಳಗ ಹೋಟೆಲ್ ಐತಿ, ಅದಕ್ಕ.

ನಾ ಲಾಡ್ಲೇಸಾಬ. ಮೂವತ್ತೆರಡು ವರ್ಷದ ಗುಮಾಸ್ತ.

ಕರೀ ಕೋಟು ಗೂಟಕ್ಕ ತೂಗ್ಯಾಡಾಕತ್ತೈತಿ.
ಎಡಗಡಿ ಜೇಬು ಹರದದ್ದು; ಕೈ ಹಾಕಿದ್ರ
ಅಸ್ತರದ ತಳಕ್ಕ ಹೋಗಿ ಮುಟ್ತದ:
ವಾಡಿ ಜಂಕ್ಷನ್ನಿನ ಒಂದು ಚಾದ ಚೀಟಿ,
ಎರಡು ಶೇಂಗಾ,
ಯಾವ ಹುಡುಗಂದೋ ಹಾಲ್ ಟಿಕೀಟು, ಅರ್ಧ ಮುಖ.

ಆಗ ನಮಗ ವಿಶ್ವವಿದ್ಯಾಲಯ ಅಂದ್ರ ಗುಲಬರ್ಗಾ.
ರೈಲು ಹತ್ತಬೇಕು, ವಾಡ್ಯಾಗ ಕಾಯಬೇಕು,
ಕಿಟಕಿ ಮುಂದ ನಿಂತು 'ನಾಳಿ ಬಾ' ಅನ್ನಿಸಿಕೊಂಡು
ಹೊಳ್ಳಿ ಬರಬೇಕು.
ಸಾಬ್ರು ಸಿಂಡಿಕೇಟ್ ಮೆಂಬರ್ ಆದ ದಿನ
ಮಂದಿ ಮಾಲಿ ತಂದ್ರು,
ಅವರು ಬಜಾರಕ್ಕ ಹೋಗಿ ಒಂದು ಕೈಚೀಲ ತಂದ್ರು.
ತಿಂಗಳಿಗೊಮ್ಮೆ ಮೀಟಿಂಗು; ಹಿಂದಿನ ರಾತ್ರಿ
ಮೆಟ್ಲ ತುಂಬ ಹುಡುಗ್ರು,
ಚೀಲದ ತುಂಬ ಅವರ ಮಾರ್ಕ್ಸ್ ಕಾರ್ಡು.

ಹುಲಿಗೆಮ್ಮ, ಮಾನ್ವಿ ಕಡೀ ಹುಡುಗಿ.
ಕಾರ್ಡಿನ್ಯಾಗ ಹುಲಿಗಮ್ಮ ಅಂತ ಅಚ್ಚಾಗಿತ್ತು.
ಟೀಚರ್ ನೌಕರಿ ಆ ಒಂದು ಅಕ್ಷರದಾಗ ಸಿಕ್ಕೊಂಡಿತ್ತು.
ಕಿಟಕ್ಯಾಗಿನವ ನಕ್ಕ: 'ಒಂದು ಎತ್ವಕ್ಕ ವಕೀಲರೇನ್ರಿ?'
ಸಾಬ್ರು ಕುರ್ಚಿ ಎಳಕೊಂಡು ಕುಂತ್ರು.
'ಒಂದು ಗುಂಟೆಕ್ಕ ತಲಿ ಒಡಕೊಂಡವರ್ನ ನೋಡೀನಿ.
ಈ ಹುಡುಗಿಗೆ ಇರೋ ಹೊಲ ಇಷ್ಟ.
ಹದಿನೈದು ವರ್ಷ ಉತ್ತಾಳ.
ಬಾಂದಗಲ್ಲು ಎಲ್ಲಿ ಹೋತು, ಹುಡುಕಿ ನಡ್ರಿ.'
ಹನ್ನೊಂದು ತಿಂಗಳು. ಆಮ್ಯಾಲ ಬಂತು ಎತ್ವ.

ಓಣಿ ಬಾವೀನ ಯಾರೋ ಖಾಲಿ ಜಾಗ ಅಂತ ಬರೆಸಿಕೊಂಡಾಗ
ನಿಜಾಮರ ಕಾಲದ ಉರ್ದು ಕಾಗದ ಸಿಕ್ಕಿತ್ತು.
ನಾ ಓದ್ತಿದ್ದೆ, ಅವರು ಕನ್ನಡ ಮಾಡ್ತಿದ್ರು,
ಜಡ್ಜ್ ಸಾಹೇಬ್ರು ಇಂಗ್ಲಿಷಿನ್ಯಾಗ ಬರಕೊಂತಿದ್ರು.
ಮೂರು ಭಾಷಾ ದಾಟಿದ್ರೂ ನೀರು ನೀರಾಗೇ ಉಳೀತು.
ಈಗ ಅದರಾಗ ಪ್ಲಾಸ್ಟಿಕ್ ತೇಲ್ತದ.
ಗೆದ್ದ ಕೇಸು ಅದು.

ಸೋತದ್ದೂ ಹೇಳಬೇಕಲ್ಲ.
ಫೀಸು ಏರಿಸೋ ದಿನ ಸಾಬ್ರೂ ಕೈ ಎತ್ತಿದ್ರು.
ಕಾಲೇಜಿನ ಗೇಟಿನ್ಯಾಗ ಹುಡುಗ್ರು ಅವರ ಸ್ಕೂಟರ್ ತಡದ್ರು,
ಅದೇ ಮೆಟ್ಲ ಮ್ಯಾಲ ಕುಂತಿದ್ದ ಹುಡುಗ್ರು.
ಮೂರು ದಿನ ಎಲಿ ಅಡಿಕಿ ಬಾಯಿಗೆ ಹಾಕಲಿಲ್ಲ.
ಮುಂದಿನ ಮೀಟಿಂಗಿನ್ಯಾಗ ಎದ್ದು ನಿಂತು,
'ಹೋದ ಸಲ ನನ್ನ ಕೈ ತಪ್ಪಿ ಮ್ಯಾಲೆ ಹೋಗಿತ್ತು,
ಇಳಿಸಾಕತ್ತೀನಿ, ಬರಕೋರಿ' ಅಂದ್ರಂತ.
ಯಾರೂ ಬರಕೊಳ್ಳಲಿಲ್ಲ. ಫೀಸೂ ಇಳೀಲಿಲ್ಲ.
ಆ ವರ್ಷ ನನಗ ನಾಲ್ಕು ತಿಂಗಳು ಪಗಾರ ಇರಲಿಲ್ಲ.
ಯಾರ್ಯಾರ ಫೀಸಿಗೆ ಹೋತಂತ
ನಾ ಕೇಳಲಿಲ್ಲ. ಸಿಟ್ಟು ಬಂದಿತ್ತು, ಖರೇ.

ಇವತ್ತು ಟಪಾಲಿನ್ಯಾಗ ಒಂದು ಲಕೋಟಿ.
ವಿಶ್ವವಿದ್ಯಾಲಯದ್ದು, ದಪ್ಪ ಕಾಗದ, ದುಂಡನ ಸಿಕ್ಕಾ.
'ಮಾಜಿ ಸದಸ್ಯರೂ ಹಿರಿಯ ನ್ಯಾಯವಾದಿಗಳೂ ಆದ
ಶ್ರೀ ಆದಪ್ಪನವರ ನಿಧನಕ್ಕೆ ಈ ಸಭೆಯು…'

ಆದಪ್ಪ.

ಕನ್ನಡಕ ಒರೆಸಿಕೊಂಡು ಮತ್ತ ಓದಿದೆ.
ನಮ್ಮ ಸಾಬ್ರು ಆದೆಪ್ಪ.
ಕೋಟಿನ ಕಡೆ ನೋಡಿದೆ. ನಗು ತಡೀಲಿಕ್ಕೆ ಆಗಲಿಲ್ಲ;
ಹದಿಮೂರು ದಿನದಾಗ ಮೊದಲ್ನೇ ನಗು.

ಸಿಂಧನೂರಿಗೆ ಫೋನ್ ಹಚ್ಚಿದೆ.
ಹುಲಿಗೆಮ್ಮ ಈಗ ಅಲ್ಲಿ ದೊಡ್ಡ ಬಾಯಾರು.
ಸ್ವಲ್ಪ ಹೊತ್ತು ಆ ಕಡಿಂದ
ಬರೇ ಸಾಲಿ ಮಕ್ಕಳ ಮಗ್ಗಿ ಕೇಳಿಸ್ತು.
ಆಮ್ಯಾಲ ಅಂದ್ಲು:
'ಚಾಚಾ, ಅರ್ಜಿ ಬರೀರಿ.
ಆಧಾರಕ್ಕ ನನ್ನ ಕೇಸು ಜೋಡಿಸ್ರಿ.'

ಮಷೀನಿನ ಮ್ಯಾಲಿನ ಬಟ್ಟಿ ತಗದೀನಿ.
ರಿಬ್ಬನ್ ಒಣಗೈತಿ, ನಡೀತದ.
ಎತ್ವದ ಗುಂಡಿ ಮಾತ್ರ ಸವದು ಹೋಗೈತಿ.
ಅದೊಂದು ಪೆನ್ನಿಲೇ ಹಾಕಬೇಕು.