ಹೊಟ್ಟಿ ಸಪ್ಪಳ

ಹೊಕ್ಕಳದ ಬಾಜೂಕ, ಬಲಗಡಿ, ತುಸು ಕೆಳಗ
ಸ್ಟೆತೊಸ್ಕೋಪ್ ಇಟ್ಟು, ಕಣ್ಣು ಮುಚ್ಚಿ,
ಪೂರಾ ಎರಡು ನಿಮಿಷ ಕೇಳತೀನಿ.
ವೆಂಟಿಲೇಟರಿನ ಗಾಳಿ ಕೇಳತದ.
ಪಂಪಿನ ಟಿಕ್ ಟಿಕ್ ಕೇಳತದ.
ಹೊರಗ ಸೇಡಂ ರೋಡಿನ ಲಾರಿ ಸುದ್ದಾ ಕೇಳತದ.
ಅಂಬಾರಾಯನ ಹೊಟ್ಟಿ ಮಾತ್ರ ಗಪ್.

ಐದನೇ ದಿನ.
ನಿಮೋನಿಯಾ ಅಂತ ಬಂದಾಂವ.
ಎದಿ ನಿನ್ನಿಯಿಂದ ಹಗುರಾಗಲತ್ತದ,
ಹೊಟ್ಟಿ ಹಟ ಹಿಡದದ.
ದರ್ಜಿ ಟೇಪ್ ತಗೊಂಡು ಅಳೀತೀನಿ,
ಎರಡೂ ಬಾಜೂ ಪೆನ್ನಿನ ಗುರುತಿನ ಮ್ಯಾಲ ಕೂಡಿಸಿ:
ತೊಂಬತ್ತಾರು. ತೊಂಬತ್ತೆಂಟು. ಇವತ್ತು ನೂರಾ ಒಂದು.
ಬೆರಳು ಬಡದರ ಡಗ್ಗಾ.

ಮೂಗಿನ ನಳಿಗೆ ಚೀಲ ಕಟ್ಟೀವಿ.
ಹಸರು ನೀರು ಬರ್ತಿತ್ತು, ಮೊನ್ನಿ ರಾತ್ರಿ ಕರ್ರಗ, ಚೂರುಚೂರು.
ಪುಸ್ತಕದಾಗ ಅದಕ್ಕ ಕಾಫಿಪುಡಿ ಅಂತಾರ.
ಕಲಬುರಗ್ಯಾಗ ಕಾಫಿ ಯಾರ ಮನ್ಯಾಗ ಅದ?
ಸೋಸಿ ಉಳಿದ ಚಾಪುಡಿ ಅಂತ ಬರದೆ.
ಡಾಕ್ಟರ್ ಮುದಸ್ಸಿರ್ ಓದಿ ನಗಲಿಲ್ಲ.
"ಸಂಕಟ ಬಂದಾಗ ಮೈ ಮೊದಲ
ಹೊಟ್ಟಿ ಪಾಲಿನ ರಕ್ತಾನೇ ಕಡೀತದ ಸಿಸ್ಟರ್."
ನಮ್ಮ ಮನ್ಯಾಗೂ ಹಂಗೇ ಸರ್, ಅನಬೇಕಂದೆ. ಅನಲಿಲ್ಲ.

ದಾಲ್‌ಮಿಲ್ಲಿನ ಮಿಸ್ತ್ರಿ ಅಂವ,
ಇಪ್ಪತ್ತೆರಡು ವರ್ಷ ತೊಗರಿ ಧೂಳಿನಾಗ.
ಹೆಂಡತಿ ಜಗದೇವಿ ಹೇಳಿದಳು:
"ಮಿಷನ್ನಿನ ಪತ್ರಾಕ್ಕ ಕಿವಿ ಹಚ್ಚತಿದ್ರು ನಮ್ಮವರು,
ಬೆಲ್ಟ್ ಸಡ್ಲಾಗ್ಯದೋ, ಜರಡಿ ಕಟ್ಟ್ಯದೋ,
ಸಪ್ಪಳದ ಮ್ಯಾಲೇ ಹೇಳ್ತಿದ್ರು."

ದಿನಾ ಅಂಬಲಿ ತರತಾಳ,
ಸ್ಟೀಲ್ ಡಬ್ಬಿ, ಮ್ಯಾಲ ಬಿಳಿ ಅರಿವಿ.
ದಿನಾ ತಿರುಗಿ ಕಳಸ್ತೀನಿ.
ಒಳಗಿನ ಹಾದಿ ಮಲಗಿದಾಗ
ಮ್ಯಾಲಿಂದ ಹಾಕಿದ್ದು ಎದಿಗೇ ಏರತದ.
ನರದಾಗ ಬಿಳಿ ಹಾಲಿನಂಥಾದ್ದು ಬಿಟ್ಟೀವಿ, ಅದೇ ಊಟ ಅಂದೆ.
"ಹೊಟ್ಟಿಗೆ ಗೊತ್ತಾಗದ ಊಟಾನೂ ಇರತದೇನ್ರಿ ಅಕ್ಕೋರೆ?"

ಇನ್ನೊಂದು ಮಾತು ಕೇಳೂದಿತ್ತು ಆಕಿಗೆ. ನಾಚಿಕಿ.
ಸೆರಗು ಬಾಯಿಗೆ ಅಡ್ಡ ಹಿಡದು:
"ಗಾಳಿ... ಹೋಯ್ತೇನ್ರಿ?"
ಮರುದಿನ ಮೈದುನ ಕೇಳಿದ.
ಮಿಲ್ಲಿನ ಮುನೀಮ ಫೋನ್ ಹಚ್ಚಿ ಕೇಳಿದ.
ಜೀನಾದ ಕೆಳಗ ಮಲಗಿದ ಬ್ಯಾರೆ ಬೆಡ್ಡಿನ ಮಂದೀನೂ
ನನ್ನ ಚಪ್ಪಲ್ ಸಪ್ಪಳಕ್ಕ ಎದ್ದು ಕೂತು ಅದನ್ನೇ ಕೇಳತಾರ.
ಮದುವಿ ಪಂಕ್ತ್ಯಾಗ ಒಬ್ಬಾಂವ ಬಿಟ್ಟರ
ಮೂರು ಸಾಲು ಬಿದ್ದು ನಗೂ ಊರು ಇದು.
ಇಲ್ಲಿ ಅದಕ್ಕೇ ಹರಕಿ ಹೊತ್ತಾರ.

ಪೊಟ್ಯಾಷಿಯಂ ಏರಿಸಿದಿವಿ. ನಿದ್ದಿ ಔಷಧ ಇಳಿಸಿದಿವಿ.
ಬ್ರದರ್ ಪ್ರಭುದಾಸ ಮಗ್ಗಲ ಹೊರಳಿಸಿದ.
ಏಳನೇ ಬೆಡ್ಡಿನ ಮುದುಕಿ ಹನ್ನೆರಡಕ್ಕ ತೀರಿಕೊಂಡಳು.
ಆಕಿ ಹೊಟ್ಟಿ ಕಡೀತನಕ ಚಲೋ ಗುರುಗುಡತಿತ್ತು.

ನಾಲ್ಕು ಹತ್ತು.
ಗುಳ್.
ಹೊಂಡದಾಗ ಕೊಡ ಅದ್ದಿದಂಗ, ದೂರ.
ನಂದೇ ಹೊಟ್ಟಿ ಇರಬೇಕು ಅಂದುಕೊಂಡೆ,
ಮಧ್ಯಾಹ್ನ ಉಂಡಾಕಿ ನಾನು.
ಉಸಿರು ಹಿಡದು ಮತ್ತ ಹಚ್ಚಿದೆ.
ಏನಿಲ್ಲ.
ಏನಿಲ್ಲ.
ಗುಳ್, ಗುಳುಗುಳು, ಅದರ ಬೆನ್ನಿಗೆ
ಸಡ್ಲ ಬೆಲ್ಟ್ ಗಾಲಿ ಏರಿದಂಥಾ ಒಂದು ಎಳತ.

ಆರಕ್ಕ ವಾರ್ಡಿಗೆಲ್ಲ ವಾಸನಿ.
ಪ್ರಭುದಾಸ ಮೂಗು ಮುಚ್ಚಲಿಲ್ಲ.
ಚಾದರ ಬದಲಿಸಿದಿವಿ, ಒರಸಿದಿವಿ,
ಏಳರ ತನಕ ಇನ್ನೆರಡು ಸಲ ಬದಲಿಸಿದಿವಿ.
ಸುತ್ತಳತಿ ತೊಂಬತ್ತೊಂಬತ್ತು.

ಜಗದೇವಿ ನಗಲಿಲ್ಲ, ಕೈ ಮುಗೀಲಿಲ್ಲ.
"ಅಂಬಲಿ?" ಅಂದಳು.
ಇವತ್ತು ನಳಿಗ್ಯಾಗ ಬರೇ ಇಪ್ಪತ್ತು ಎಂ.ಎಲ್. ನೀರು.
ನಾಳಿ ನೋಡೋಣು.
ಜೀನಾದ ಮೂರನೇ ಮೆಟ್ಟಲ ಮ್ಯಾಲ ಕೂತು
ಅರಿವಿ ಬಿಚ್ಚಿ, ಡಬ್ಬಿ ಎತ್ತಿ
ತಾನೇ ಕುಡದಳು, ಗಟಗಟ.
ಬಾಯಿ ಒರಸಿಕೊಂಡು ಅಂದಳು:
"ಹುಳಿ ಏರ್ಯದ್ರಿ."